ಕಳೆಗಿಡವನ್ನೂ ಬಿಡದ ಚಿತ್ರಗಾರ

ಪ್ರಿಯ ಸೀನ,

ಮೊನ್ನೆ ನಾನು ಕಳಿಸಿದ ಮುಳ್ಳುಗಿಡದ ಚಿತ್ರ ನೋಡಿ, ನೀನು ‘ಯಾರಪ್ಪಾ ಈ ಪುಣ್ಯಾತ್ಮ, ಕಳೆಗಿಡವನ್ನೂ ಬಿಟ್ಟಿಲ್ಲವಲ್ಲ’ ಅಂದೆ. ಹೆಸರು ಯಾನ್ ಸ್ತಾನಿಸ್ವಾಫ್‌ಸ್ಕಿ. ಪೋಲೆಂಡಿನವನೇ, ಆದರೆ ಅವನು ಬದುಕಿದ್ದಷ್ಟು ಕಾಲ ಭೂಪಟದಲ್ಲಿ ಪೋಲೆಂಡೇ ಇರಲಿಲ್ಲ. ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಹಂಚಿಕೊಂಡು ಕೂತಿದ್ದವು. 1860ರಲ್ಲಿ ಇವನು ಹುಟ್ಟಿದ್ದು ರಷ್ಯಾದ ಆಳ್ವಿಕೆಯಲ್ಲಿದ್ದ ಯುಕ್ರೇನಿನ ಓಲ್ಶಾನಾದಲ್ಲಿ.

ಅಪ್ಪ ಆಂಟೋನಿ ಖಾರ್ಕಿವ್ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಪ್ರೊಫೆಸರು. ಬರೀ ಕಾನೂನಿಗೆ ಅಂಟಿಕೊಂಡವರಲ್ಲ, ಕವಿತೆ ಬರೆದರು, ಡಾಂಟೆಯ ‘ಡಿವೈನ್ ಕಾಮಿಡಿ’ಯನ್ನು ಪೋಲಿಷ್‌ಗೆ ತಂದರು. ಅಂಥ ಮನೆಯ ಹುಡುಗ ವಾರ್ಸಾದಲ್ಲಿ ಗಣಿತ ಓದಿದ, ಪೀಟರ್ಸ್‌ಬರ್ಗಿಗೆ ಹೋಗಿ ತಾಂತ್ರಿಕ ಸಂಸ್ಥೆ ಸೇರಿದ. ಕೊನೆಗೆ ಎಲ್ಲ ಬಿಟ್ಟು ವೊಯ್ಚೆಖ್ ಗೆರ್ಸೊನ್ ಹತ್ತಿರ ಚಿತ್ರ ಕಲಿಯಲು ಕೂತ. ಆಮೇಲೆ ಕ್ರಾಕುಫ್, 1885ರಲ್ಲಿ ಪ್ಯಾರಿಸ್. ಮನೆಯಲ್ಲಿ ಕಾವ್ಯ ಓಡಾಡಿಕೊಂಡಿದ್ದರಿಂದಲೇ ಈ ಧೈರ್ಯ ಬಂತು ಅಂತ ನನ್ನ ಗುಮಾನಿ.

ಆಳು ಭಾರೀ ದಡೂತಿ. ಚಿತ್ರಗಳು ಮಾತ್ರ ಬಹುಪಾಲು ಅಂಗೈಯಗಲ! ಬಯಲಲ್ಲೇ ಕೂತು, ಬೆಳಕು ಜಾರುವ ಮೊದಲೇ ಮುಗಿಸಬೇಕಲ್ಲ, ಅದಕ್ಕೇ ಸಣ್ಣ ಹಲಗೆ. ಪ್ಯಾರಿಸ್ ಸೇರಿದ ಮೇಲೂ ಯುಕ್ರೇನಿಗೆ ಮತ್ತೆ ಮತ್ತೆ ಹೋಗುತ್ತಿದ್ದ. 1895ರ ಒಂದು ಚಿತ್ರದಲ್ಲಿ ಹುಲ್ಲು, ಬಿಸಿಲು, ನಡುವೆ ಜೇನುಗೂಡುಗಳು. ಅಷ್ಟೇ. ಅವನ ಚಿತ್ರಗಳಲ್ಲಿ ಮನುಷ್ಯರು ಕಾಣಸಿಗುವುದೇ ಅಪರೂಪ. ಆ ಕಾಲದ ಪೋಲಿಷ್ ಕಲೆ ರಾಜರು, ಯುದ್ಧಗಳು, ಹುತಾತ್ಮರಿಂದ ತುಂಬಿ ತುಳುಕುತ್ತಿತ್ತು. ದೇಶ ಕಳಕೊಂಡವರಿಗೆ ಅದು ಸಹಜವೇ. ಇವನು ಜೇನುಗೂಡು ಬರೆದ. ನನಗಂತೂ ಇವನೇ ಹೆಚ್ಚು ಹಿಡಿಸಿದ.

1897ರಲ್ಲಿ ಕ್ರಾಕುಫ್‌ನ ಕಲಾಶಾಲೆಯ ಮುಖ್ಯಸ್ಥ ಯೂಲ್ಯಾನ್ ಫಾವಾತ್ ಇವನನ್ನು ಅಲ್ಲಿಗೆ ಕರೆಸಿಕೊಂಡು ನಿಸರ್ಗಚಿತ್ರದ ತರಗತಿ ಒಪ್ಪಿಸಿದ. ಇವನು ಹುಡುಗರನ್ನು ಗೋಡೆಗಳಿಂದಾಚೆ ಎಬ್ಬಿಸಿಕೊಂಡು ಹೊರಟ, ಊರಾಚೆಯ ಹೊಲಗಳಿಗೆ, ತಾತ್ರಾ ಬೆಟ್ಟದ ಬುಡದ ಜಕೊಪಾನೆಗೆ. ಕಾಮೊಟ್ಸ್‌ಕಿ, ಫಿಲಿಪ್ಕಿಯೆವಿಚ್ ಅಂಥ ಚಿತ್ರಗಾರರು ಈ ತರಗತಿಯಿಂದಲೇ ಬಂದವರು. ಒಂದೇ ತಕರಾರು ನನ್ನದು: ಶಿಷ್ಯರಲ್ಲಿ ಕೆಲವರ ಚಿತ್ರ ನೋಡಿದರೆ ಗುರುವಿನದ್ದೇ ಅನಿಸುತ್ತದೆ. ತಿದ್ದಿ ಬೆಳೆಸಲು ಅವನಿಗೆ ಕಾಲವೂ ಸಿಗಲಿಲ್ಲ. 1907ರ ಜನವರಿಯಲ್ಲಿ, ನಲವತ್ತಾರಕ್ಕೇ ಹೋಗಿಬಿಟ್ಟ.

‘ನೀರಂಚಿನ ಪಾಪ್ಲರ್ ಮರಗಳು’ ಅಂತ 1900ರ ಚಿತ್ರವೊಂದನ್ನು ಇದರ ಜತೆ ಕಳಿಸುತ್ತಿದ್ದೇನೆ. ಅವನ ಲೆಕ್ಕಕ್ಕೆ ಬಲು ದೊಡ್ಡದು, ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಫೋನಿನಲ್ಲಿ ನೋಡಬೇಡ ಮಾರಾಯ, ಕಂಪ್ಯೂಟರಿನಲ್ಲಿ ತೆರೆ. ಆಮೇಲೆ ಹೇಳು, ಚಿಕ್ಕವು ಮೇಲೋ ಇದು ಮೇಲೋ ಅಂತ. ನನ್ನ ಓಟು ಚಿಕ್ಕವಕ್ಕೇ.

ನಿನ್ನ,
ಮೂರ್ತಿ