ಗೇಟಿನ ಬಳಿ ನಿಂತಿದ್ದವರಿಗೆ

ಹೊಸ ವಿದ್ಯಾರ್ಥಿಗಳ ಓರಿಯೆಂಟೇಷನ್ ವಾರ ನಿನ್ನೆ ಸಂಜೆ ಮುಗಿಯಿತು. ಶಾಮಿಯಾನದವರು ಕುರ್ಚಿಗಳನ್ನು ಲಾರಿಗೆ ಏರಿಸಿಕೊಂಡು ಹೋದರು. ಇವತ್ತು ಬೆಳಿಗ್ಗೆ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಮರಗಳ ಕೆಳಗೆ ಹೊಸ ಮುಖಗಳು ಯಾರನ್ನೂ ದಾರಿ ಕೇಳದೆ ತಮ್ಮ ತಮ್ಮ ವಿಭಾಗಗಳತ್ತ ನಡೆದು ಹೋಗುವುದನ್ನು ಕಂಡೆ. ಎರಡನೇ ವರ್ಷದ ನಮ್ಮ ಸ್ವಯಂಸೇವಕ ಮಕ್ಕಳೇ, ಈ ಬರಹ ನಿಮಗೆ.

ಸ್ನಾತಕೋತ್ತರ ಪದವಿಯೆಂದರೆ ಎರಡೇ ವರ್ಷ. ಹಾಗಾಗಿ ಇಲ್ಲಿ ಹೊಸಬರನ್ನು ಬರಮಾಡಿಕೊಳ್ಳುವವರೂ ಒಂದು ರೀತಿಯಲ್ಲಿ ಹೊಸಬರೇ. ಕಳೆದ ವರ್ಷ ಇದೇ ಗೇಟಿನ ಬಳಿ ಟ್ರಂಕು ಇಳಿಸಿಕೊಂಡು, ಎಡಕ್ಕೆ ಹೋಗುವುದೋ ಬಲಕ್ಕೆ ಹೋಗುವುದೋ ತಿಳಿಯದೆ ನಿಂತಿದ್ದವರು ನೀವು. ಆಡಳಿತ ಕಚೇರಿ ಕ್ರಾಫರ್ಡ್ ಹಾಲ್‌ನಲ್ಲಿ, ತರಗತಿ ಇತ್ತ ಗಂಗೋತ್ರಿಯಲ್ಲಿ, ನಡುವೆ ಕುಕ್ಕರಹಳ್ಳಿ ಕೆರೆ. 700 ಎಕರೆಗೂ ಮಿಗಿಲಾದ ಈ ಆವರಣದಲ್ಲಿ ಮೊದಲ ದಿನ ದಾರಿ ತಪ್ಪದವರು ಯಾರಿದ್ದಾರೆ? ಆ ದಿನದ ದಿಗಿಲು ನಿಮ್ಮ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು. ನೀವು ಈ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಅದೇ ಕಾರಣವೆಂದು ನನಗನ್ನಿಸುತ್ತದೆ.

ಸ್ವಾಗತ ಭಾಷಣದಲ್ಲಿ ನಾವು ಅಧ್ಯಾಪಕರು ಹೇಳುವ ಮಾತುಗಳು ಪ್ರತಿ ವರ್ಷ ಬಹುಮಟ್ಟಿಗೆ ಒಂದೇ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿದ ವಿಶ್ವವಿದ್ಯಾನಿಲಯ, ಉಪಕುಲಪತಿಗಳಾಗಿದ್ದ ಕುವೆಂಪು ಈ ಆವರಣಕ್ಕೆ ಇಟ್ಟ ಹೆಸರು, ಆ ಹೆಸರಿನ ಅರ್ಥ. ಹೇಳಲೇಬೇಕಾದ ಮಾತುಗಳು ಅವು, ನಾನು ಸಂತೋಷದಿಂದಲೇ ಹೇಳುತ್ತೇನೆ. ಆದರೆ ಕೆಳಗೆ ಕುಳಿತವರ ಮನಸ್ಸಿನಲ್ಲಿ ಆ ಹೊತ್ತು ಇದ್ದ ಪ್ರಶ್ನೆಗಳು ಬೇರೆ. ಹಾಸ್ಟೆಲ್ ಸಿಗುತ್ತದೆಯೇ? ಸಿಗುವವರೆಗೆ ಎಲ್ಲಿ ಇರುವುದು? ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ಈಜಬಹುದೇ? ವೇದಿಕೆಯ ಮೇಲಿರುವವರನ್ನು ಇದನ್ನೆಲ್ಲ ಕೇಳಲು ಅವರಿಗೆ ಬಾಯಿ ಬರುವುದಿಲ್ಲ. ನಿಮ್ಮನ್ನು ಕೇಳಿದರು.

ವಿದ್ಯಾರ್ಥಿವೇತನದ ಮೇಜನ್ನು ನೆನೆಯುತ್ತೇನೆ. ಅಲ್ಲಿ ಇಬ್ಬರಿದ್ದರೆ ಸಾಕೆಂದು ನಾನು ಅಂದುಕೊಂಡಿದ್ದೆ, ಐದು ಜನ ಬೇಕಾಯಿತು. ಒಬ್ಬಳ ಆಧಾರ್‌ನಲ್ಲಿ ಇನಿಷಿಯಲ್ ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇಲ್ಲ. ಇನ್ನೊಬ್ಬನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಮತ್ತೊಬ್ಬಳ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ, ಹೊಸ ಪ್ರಮಾಣಪತ್ರದ ಮೇಲಿನ ಆರ್.ಡಿ. ಸಂಖ್ಯೆ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ (ಎಸ್‌ಎಸ್‌ಪಿ) ಅರ್ಜಿ ಮುಂದಕ್ಕೆ ಹೋಗದು. ಅವಳು ಅಳುವುದರಲ್ಲಿದ್ದಳು. ನಿಮ್ಮಲ್ಲೊಬ್ಬ ಅವಳ ಅಣ್ಣನಿಗೆ ಅಲ್ಲಿಂದಲೇ ಫೋನ್ ಮಾಡಿ, ನಾಡಕಚೇರಿಗೆ ಯಾವ ಯಾವ ಕಾಗದ ಒಯ್ಯಬೇಕೆಂದು ಒಂದೊಂದಾಗಿ ಬರೆಸಿದ. ಬರೆದದ್ದನ್ನು ಮತ್ತೆ ಓದಿಸಿ ಕೇಳಿದ. ಹೋದ ವರ್ಷ ಇದೇ ತೊಡಕಿನಲ್ಲಿ ತಾನು ಮೂರು ಸಲ ಊರಿಗೆ ಓಡಾಡಿದ್ದನ್ನು ಅವನು ಆಮೇಲೆ ಹೇಳಿದ. ಒಂದು ವರ್ಷದ ಕಷ್ಟವನ್ನು ಹೀಗೆ ಇನ್ನೊಬ್ಬರ ಅನುಕೂಲಕ್ಕೆ ತಿರುಗಿಸುವುದನ್ನು ನಾನು ಯಾವ ಪಠ್ಯದಲ್ಲೂ ಕಲಿಸಿಲ್ಲ.

ಇನ್ನೊಂದು ದೃಶ್ಯ ಕಣ್ಣಿನಿಂದ ಹೋಗುತ್ತಿಲ್ಲ. ಹೆಗ್ಗಡದೇವನಕೋಟೆ ಕಡೆಯ ಒಬ್ಬ ತಂದೆ, ಮಗಳನ್ನು ಹಾಸ್ಟೆಲ್‌ಗೆ ಬಿಟ್ಟ ಮೇಲೂ ಗೇಟಿನ ಹೊರಗೇ ಇದ್ದರು. ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಮಗಳು ಇರುವ ಕೋಣೆ ನೋಡದೆ ಹೊರಡಲು ಅವರಿಗೆ ಮನಸ್ಸಿಲ್ಲ, ಬಾಯಿಬಿಟ್ಟು ಕೇಳಲೂ ಸಂಕೋಚ. ನಮ್ಮ ಸ್ವಯಂಸೇವಕಿಯೊಬ್ಬಳು ಅದನ್ನು ಅರ್ಥಮಾಡಿಕೊಂಡಳು. ಒಳಗೆ ಹೋಗಿ ಮಂಚ, ಕಿಟಕಿ, ನೀರಿನ ನಲ್ಲಿ, ಬಾಗಿಲಿನ ಚಿಲಕ ಎಲ್ಲವನ್ನೂ ಮೊಬೈಲ್‌ನಲ್ಲಿ ಚಿತ್ರಿಸಿಕೊಂಡು ಬಂದು ತೋರಿಸಿದಳು. ಅವರು ಚಿಲಕದ ಚಿತ್ರವನ್ನು ಇನ್ನೊಮ್ಮೆ ತೋರಿಸು ಎಂದರು. ತೋರಿಸಿದಳು. ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡು, ಗ್ರಾಮಾಂತರ ಬಸ್ ನಿಲ್ದಾಣಕ್ಕೆ ಹೇಗೆ ಹೋಗುವುದೆಂದು ಕೇಳಿದರು. ಅವಳ ಕೆಲಸದ ಪಟ್ಟಿಯಲ್ಲಿ ಇದು ಇರಲಿಲ್ಲ. ಆ ಪಟ್ಟಿ ಬರೆದವನು ನಾನೇ, ನನಗೂ ಹೊಳೆದಿರಲಿಲ್ಲ.

ಸೀನಿಯರ್ ಎಂಬ ಪದಕ್ಕೆ ನಮ್ಮ ದೇಶದ ಕಾಲೇಜುಗಳಲ್ಲಿ ಬಹುಕಾಲ ಬೇರೆಯೇ ಅರ್ಥವಿತ್ತು. 2009ರಲ್ಲಿ ಯುಜಿಸಿ ರ‍್ಯಾಗಿಂಗ್ ವಿರುದ್ಧ ಕಟ್ಟುನಿಟ್ಟಿನ ನಿಯಮ ತಂದಿತು, ಪ್ರತಿ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಕೊಡುವುದು ಅಂದಿನಿಂದ ಬಂದ ಪದ್ಧತಿ. ನಿಯಮ ಬೇಕು, ಅದರಲ್ಲಿ ಸಡಿಲ ಇರಬಾರದು. ಆದರೆ ಮನೆಯಿಂದ ಹೊರಡುವಾಗ ‘ಸೀನಿಯರ್‌ಗಳ ಹತ್ತಿರ ಹುಷಾರು’ ಎಂದು ಕೇಳಿಸಿಕೊಂಡು ಬಂದ ಹುಡುಗನೊಬ್ಬ ಮೂರನೇ ದಿನ ನಿಮ್ಮೊಡನೆ ಒಂದೇ ತಟ್ಟೆಯಲ್ಲಿ ಚುರುಮುರಿ ತಿನ್ನುತ್ತಿದ್ದ. ಮುಚ್ಚಳಿಕೆಯಿಂದ ಅದು ಆಗುವ ಕೆಲಸವಲ್ಲ.

ಹೇಳದೆ ಬಿಡಲಾರದ ಇನ್ನೆರಡು ಮಾತು. ಈಶಾನ್ಯ ರಾಜ್ಯದಿಂದ ಬಂದ ಗೆಳತಿಗೆ ‘ಎಷ್ಟು’, ‘ಸಾಕು’, ‘ಇಲ್ಲೇ ನಿಲ್ಲಿಸಿ’ ಎಂಬ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಟ್ಟವರೇ, ಅವಳು ಆ ಚೀಟಿಯನ್ನು ಗುರುತಿನ ಚೀಟಿಯ ಹಿಂದೆ ಇಟ್ಟುಕೊಂಡಿದ್ದಾಳೆ. ಎರಡನೇ ದಿನ ಮಳೆ ಸುರಿದು ಮೈಕು ಕೈಕೊಟ್ಟಾಗ ಒಂದೊಂದು ಗುಂಪಿನ ಬಳಿಗೂ ಹೋಗಿ ವೇಳಾಪಟ್ಟಿಯ ಬದಲಾವಣೆ ತಿಳಿಸಿದವರೇ, ನಿಮ್ಮ ಗಂಟಲು ಇನ್ನೂ ಸರಿಹೋಗಿಲ್ಲವೆಂದು ಕೇಳಿದೆ, ಬಿಸಿನೀರು ಕುಡಿಯಿರಿ. ಹೊತ್ತು ಮೀರಿ ಬಂದವರಿಗೂ ಅನ್ನ ಸಾರು ಉಳಿಸಿಟ್ಟ ಹಾಸ್ಟೆಲ್ ಅಡುಗೆಯವರಿಗೆ, ಬೀಗ ಹಾಕದೆ ಕಾದ ಕಚೇರಿ ಸಿಬ್ಬಂದಿಗೆ ಕೈಮುಗಿಯುತ್ತೇನೆ.

‘ನಾವೇನು ಮಹಾ ಮಾಡಿದೆವು ಸರ್, ದಾರಿ ತೋರಿಸಿದೆವು ಅಷ್ಟೇ’ ಎಂದು ನಿಮ್ಮಲ್ಲೊಬ್ಬಳು ನಿನ್ನೆ ಹೇಳಿದಳು. ನಾನು ಒಪ್ಪುವುದಿಲ್ಲ. ಆ ವಾರ ನಿಮಗೂ ಸೆಮಿನಾರ್ ಇತ್ತು, ಓದಬೇಕಾದದ್ದು ಬಾಕಿ ಇತ್ತು. ಬಿಸಿಲಿನಲ್ಲಿ ನಿಂತಿರಿ, ಮಳೆಯಲ್ಲಿ ನೆನೆದಿರಿ, ಒಂದೇ ಪ್ರಶ್ನೆಗೆ ನೂರನೇ ಸಲವೂ ಸಿಡುಕದೆ ಉತ್ತರಿಸಿದಿರಿ. ನಿಮ್ಮ ಬಗ್ಗೆ ನನಗೆ ತುಂಬು ಹೆಮ್ಮೆಯಿದೆ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ವಿಭಾಗಕ್ಕೆ ಬನ್ನಿ, ಪ್ರಮಾಣಪತ್ರ ಸಿದ್ಧವಿರುತ್ತದೆ, ಉಪ್ಪಿಟ್ಟು ಕಾಫಿಯೂ ಇರುತ್ತದೆ. ಜೆರಾಕ್ಸ್‌ಗೆ, ಆಟೋಗೆ ನೀವು ಕೈಯಿಂದ ಹಾಕಿದ ದುಡ್ಡಿನ ಲೆಕ್ಕವನ್ನು ತಪ್ಪದೆ ಬರೆದು ತನ್ನಿ. ‘ಇರಲಿ ಬಿಡಿ ಸರ್’ ಎಂದರೆ ನಾನು ಕೇಳುವುದಿಲ್ಲ.