ಬೋಟ್ ಒಳಗಿಟ್ಟಾಯಿತು, ನಿಮ್ಮ ಕಾಲಿನ ವಿಷಯ ಹೇಳಿ

ಮಿನಿಯಾಪೊಲಿಸ್
ಅಕ್ಟೋಬರ್ ಕೊನೆಯ ಭಾನುವಾರ

ತೀರ್ಥರೂಪು ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಪುಟ್ಟನಿಗೆ ಸ್ವಲ್ಪ ಶೀತ, ಬೇರೇನಿಲ್ಲ.

ನಿಮ್ಮ ಪತ್ರ ಬಂತು. ಹಾಳೆ ತುಂಬ ಬೋಟಿನ ಪ್ರಶ್ನೆಗಳೇ. ಕೊನೆಯಲ್ಲಿ ಅಮ್ಮ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದ ಸಾಲನ್ನೂ ಓದಿದೆ. ಅದರ ಮಾತು ಆಮೇಲೆ. ಮೊದಲು ನೀವು ಕೇಳಿದ್ದಕ್ಕೆ ಉತ್ತರ. ಇಲ್ಲದಿದ್ದರೆ ನೀವು ಮುಂದೆ ಓದುವುದಿಲ್ಲ, ನನಗೆ ಗೊತ್ತು.

ದುಡ್ಡು ಹಾಳು ಮಾಡಿದೆ ಎಂದು ಬರೆದಿದ್ದೀರಿ. ಹಾಗೇನಿಲ್ಲ. ಅದು ಸೆಕೆಂಡ್ ಹ್ಯಾಂಡ್ ಬೋಟ್. 16 ಅಡಿ ಉದ್ದ, ಅಲ್ಯೂಮಿನಿಯಂ ಮೈ, ಹಿಂದೆ 40 ಎಚ್‌ಪಿಯ ಔಟ್‌ಬೋರ್ಡ್ ಇಂಜಿನ್. ಗಂಗೊಳ್ಳಿಯಲ್ಲಿ ಒಂದು ಒಳ್ಳೆ ಬಲೆಗೆ ಹಾಕುವಷ್ಟೂ ಹಾಕಿಲ್ಲ. ಇದು ಸಮುದ್ರಕ್ಕಲ್ಲ, ಕೆರೆಗೆ. ಅಮೆರಿಕದ ಈ ಮಿನೆಸೋಟ ರಾಜ್ಯದಲ್ಲಿ ಕಾರಿನ ನಂಬರ್ ಪ್ಲೇಟಿನ ಮೇಲೇ ‘ಹತ್ತು ಸಾವಿರ ಕೆರೆಗಳು’ ಎಂದು ಬರೆದಿರುತ್ತಾರೆ. ಬೋಟ್ ಇಟ್ಟುಕೊಳ್ಳುವುದು ಇಲ್ಲಿ ಶ್ರೀಮಂತಿಕೆ ಅಲ್ಲ. ಕೆರೆಯ ಹತ್ತಿರದ ಬೀದಿಗಳಲ್ಲಿ ಮನೆಮನೆಯ ಅಂಗಳದಲ್ಲೂ ಒಂದು ನಿಂತಿರುತ್ತದೆ.

ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಸರ್ಕಾರ ಮೀನು ಹಿಡಿಯುವ ಯಾಂತ್ರಿಕ ಬೋಟ್ ನಿಲ್ಲಿಸುತ್ತದೆ. ಇಲ್ಲಿ ಯಾರೂ ಹೇಳಬೇಕಾಗಿಲ್ಲ, ಕೆರೆಯೇ ಕಲ್ಲಾಗುತ್ತದೆ. ಇನ್ನೊಂದು ತಿಂಗಳಲ್ಲಿ ಮಂಜುಗಡ್ಡೆ ಕಟ್ಟಲು ಶುರುವಾದರೆ ಏಪ್ರಿಲ್ ಹತ್ತಿರ ಬರುವವರೆಗೂ ಬೋಟಿಗೆ ನೀರಿಲ್ಲ. ಜನ ಮಾತ್ರ ಕೆರೆ ಬಿಡುವುದಿಲ್ಲ. ಗಡ್ಡೆ 4 ಇಂಚು ದಪ್ಪ ಆದ ಕೂಡಲೇ ಮೇಲೆ ನಡೆದುಕೊಂಡು ಹೋಗಿ, ತೂತು ಕೊರೆದು, ಗಾಳ ಬಿಟ್ಟು ಕೂರುತ್ತಾರೆ. ಇನ್ನೂ ದಪ್ಪ ಆದರೆ ಪಿಕಪ್ ಗಾಡಿಯನ್ನೇ ಕೆರೆಯ ಮೇಲೆ ಓಡಿಸುತ್ತಾರೆ! ನಾನು ಹೋಗುವುದಿಲ್ಲ, ಅಮ್ಮನಿಗೆ ಹೇಳಿ. ಖಂಡಿತ ಹೋಗುವುದಿಲ್ಲ.

ಚಳಿಗಾಲಕ್ಕೆ ಇಂಜಿನ್ನಿಗೆ ಏನು ವ್ಯವಸ್ಥೆ ಮಾಡಿದೆ ಎಂದು ಕೇಳಿದ್ದೀರಿ. ಮೆಕ್ಯಾನಿಕ್‌ಗೆ ಕೊಟ್ಟರೆ ಕೂಲಿಯೇ ಜಾಸ್ತಿ, ಅದಕ್ಕೆ ಮನೆಯಲ್ಲೇ ಮಾಡಿದೆ. ಇಲ್ಲಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುತ್ತಾರೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಈಗ ನಮ್ಮೂರಿನಲ್ಲೂ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದಿದೆಯಲ್ಲ, ಅಣ್ಣನ ಬೈಕಿಗೂ ಅದೇ ಮಾತು. ಇಲ್ಲಿ ಬೋಟಿಗೆಂದೇ ಎಥನಾಲ್ ಇಲ್ಲದ ಪೆಟ್ರೋಲ್ ಬೇರೆ ಸಿಗುತ್ತದೆ. ಅದನ್ನು ತುಂಬಿಸಿ, ಕೆಡದ ಹಾಗೆ ಒಂದು ದ್ರವ ಬೆರೆಸಿ, ಸ್ವಲ್ಪ ಹೊತ್ತು ಇಂಜಿನ್ ಓಡಿಸಿದೆ. ಟ್ಯಾಂಕಿನಲ್ಲಿ ಮಾತ್ರ ಇದ್ದರೆ ಸಾಲದು, ಆ ಮದ್ದು ಇಂಜಿನ್ ಒಳಗಿನ ಪೈಪುಗಳಿಗೂ ಮುಟ್ಟಬೇಕು. ಓಡಿಸುವಾಗ ತಂಪು ನೀರು ಎಳೆಯುವ ಜಾಗಕ್ಕೆ ತೋಟದ ಪೈಪ್ ಹಚ್ಚಿದ್ದೆ. ನೀರಿಲ್ಲದೆ ಓಡಿಸಿದರೆ ಪಂಪ್ ಸುಟ್ಟು ಹೋಗುತ್ತದೆ, ನಿಮಗೆ ಗೊತ್ತಿದ್ದದ್ದೇ. ಇಂಜಿನ್ ಆಯಿಲ್, ಫಿಲ್ಟರ್ ಎರಡೂ ಹೊಸದು.

ಇಂಜಿನ್ನನ್ನು ನೆಟ್ಟಗೆ ಇಳಿಸಿ ನಿಲ್ಲಿಸಿದ್ದೇನೆ. ಹಾಗಿದ್ದರೆ ಒಳಗಿನ ನೀರೆಲ್ಲ ತಾನೇ ಸುರಿದು ಹೋಗುತ್ತದೆ. ಮೇಲಕ್ಕೆತ್ತಿ ಬಿಟ್ಟರೆ ಮಳೆನೀರು, ಹಿಮದ ನೀರು ಬೋಟ್ ಮುಂದೆ ತಳ್ಳುವ ಫ್ಯಾನಿನ ಹತ್ತಿರ ನಿಂತು ಗಡ್ಡೆ ಕಟ್ಟುತ್ತದೆ. ನೀರು ಗಡ್ಡೆಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಕಬ್ಬಿಣವನ್ನೂ ಸೀಳುತ್ತದೆ. ಪಕ್ಕದ ಮನೆಯ ಅಜ್ಜನ ಬೋಟಿನಲ್ಲಿ ಇಂಜಿನ್ ಒಳಗಿದೆ. ಅದರಿಂದ ನೀರು ತಾನಾಗಿ ಇಳಿಯುವುದಿಲ್ಲ. ಪಾಪ, ಅವರು ಒಳಗೆಲ್ಲ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ, ಆಂಟಿಫ್ರೀಜ್ ತುಂಬಿಸಬೇಕು.

ಬ್ಯಾಟರಿ ತೆಗೆದು ಪೂರ್ತಿ ಚಾರ್ಜ್ ಮಾಡಿ ಮನೆಯೊಳಗೆ ಇಟ್ಟಿದ್ದೇನೆ. ಚಾರ್ಜ್ ಇಳಿದ ಬ್ಯಾಟರಿ ಈ ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತದೆ. ಬೋಟಿನ ಹಿಂದಿನ ತೂತಿನ ಬಿರಡೆ ತೆಗೆದಿಟ್ಟಿದ್ದೇನೆ. ಬಿರಡೆ ಹಾಕಿಕೊಂಡು ರಸ್ತೆಯಲ್ಲಿ ಬೋಟ್ ಎಳೆದರೆ ಇಲ್ಲಿ ದಂಡ! ಜೀಬ್ರಾ ಮಸಲ್ ಎಂಬ ಉಗುರಿನಷ್ಟು ಸಣ್ಣ ಚಿಪ್ಪಿನ ಹುಳ ಒಂದು ಕೆರೆಯ ನೀರಿನಿಂದ ಇನ್ನೊಂದಕ್ಕೆ ಹೋಗಬಾರದು ಅಂತ. ಬೋಟ್ ಕಟ್ಟುವ ನಮ್ಮ ದಕ್ಕೆಯಲ್ಲಿ ಈ ಕಾನೂನು ಹೇಳಿದರೆ ಎಲ್ಲರೂ ನಗುತ್ತಾರೆ.

ಟ್ರೈಲರ್ ಸಮೇತ ಬೋಟ್ ಗ್ಯಾರೇಜಿನೊಳಗೆ. ಕಾರು ಹೊರಗೆ. ಚಳಿಗಾಲವಿಡೀ ಬೆಳಿಗ್ಗೆ ಕಾರಿನ ಗಾಜಿನಿಂದ ಹಿಮ ಕೆರೆಯುವುದು ಯಾರು ಎಂದು ನಿಮ್ಮ ಸೊಸೆ ಕೇಳುತ್ತಿದ್ದಾಳೆ. ಉತ್ತರ ಕೊಟ್ಟಿಲ್ಲ.

ಒಂದು ವಿಷಯ ಬಿಟ್ಟಿದ್ದೆ. ಫ್ಯಾನ್ ಬಿಚ್ಚಿದಾಗ ಶಾಫ್ಟಿಗೆ ಗಾಳದ ನೂಲು ಸುತ್ತಿಕೊಂಡಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ, ಸದ್ದೂ ಇರಲಿಲ್ಲ. ಗೇರ್ ಆಯಿಲ್ ಇಳಿಸಿ ನೋಡಿದರೆ ಹಾಲಿನ ಹಾಗೆ ಬೆಳ್ಳಗೆ. ನೂಲು ನೀರು ತಡೆಯುವ ಸೀಲನ್ನು ಕೊಯ್ದು ಒಳಗೆ ನೀರು ಹೋಗಿದೆ. ಹೊಸ ಸೀಲ್ ಹಾಕಿಸಿದೆ. ಹಾಗೇ ಬಿಟ್ಟಿದ್ದರೆ ಒಳಗೇ ಗಡ್ಡೆಯಾಗಿ ಗೇರ್ ಬಾಕ್ಸ್ ಬಿರಿಯುತ್ತಿತ್ತು.

ಅಪ್ಪಯ್ಯ, ನಿಮ್ಮ ಕಾಲಿನದೂ ಇದೇ ಕಥೆ. ‘ಗಾಯ ಇನ್ನೂ ಮಾಗಿಲ್ಲ, ನಿನಗೆ ಹೇಳಬೇಡ ಎಂದಿದ್ದಾರೆ’ ಅಂತ ಅಮ್ಮ ಬರೆದಿದ್ದಾಳೆ. ದಕ್ಕೆಯಲ್ಲಿ ಏನೋ ಚುಚ್ಚಿದ್ದು ಎಂದು ಮಳೆಗಾಲದಲ್ಲೇ ಫೋನಿನಲ್ಲಿ ಹೇಳಿದ್ದಿರಿ. ಈಗ ದೀಪಾವಳಿಯೇ ಬಂತು. ನೋವಿಲ್ಲ, ಅದಕ್ಕೇ ಡಾಕ್ಟರ್ ಬೇಡ ಎನ್ನುತ್ತೀರಂತೆ. ನೋವಿಲ್ಲ ಅನ್ನುವುದೇ ನನಗೆ ಹೆದರಿಕೆ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದರೆ ಪಾದದ ನರ ಸತ್ತು ಸ್ಪರ್ಶ ಗೊತ್ತಾಗುವುದಿಲ್ಲ. ರಕ್ತ ಓಡಾಟವೂ ಕಡಿಮೆಯಾಗುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಕೀವು ಇರಬಹುದು.

ಅಣ್ಣನಿಗೆ ಬೇರೆ ಬರೆಯುತ್ತಿದ್ದೇನೆ. ಈ ವಾರವೇ ಮಣಿಪಾಲಕ್ಕೆ ಕರೆದುಕೊಂಡು ಹೋಗಲಿ. ಬೆರಳು ಚುಚ್ಚಿ ನೋಡುವ ಸಕ್ಕರೆ ಮಾತ್ರ ಸಾಲದು. ಕಳೆದ ಎರಡು ಮೂರು ತಿಂಗಳ ಲೆಕ್ಕ ಹೇಳುವ ರಕ್ತಪರೀಕ್ಷೆ ಇದೆ, ಎಚ್‌ಬಿಎ1ಸಿ ಅಂತ, ಅದನ್ನು ಮಾಡಿಸಲಿ. ಕಾಲಿನ ರಕ್ತ ಓಡಾಟ ನೋಡುವ ಡಾಪ್ಲರ್ ಬೇಕೋ ಎಂದು ಕೇಳಲಿ. ಅಲ್ಲಿಯವರೆಗೆ ಅರಿಶಿನ, ಸುಣ್ಣ ಹಚ್ಚಬೇಡಿ. ಬಿಸಿನೀರಿನಲ್ಲಿ ಕಾಲು ಇಡಬೇಡಿ, ಬಿಸಿ ಗೊತ್ತಾಗದೆ ಸುಟ್ಟುಕೊಳ್ಳುತ್ತೀರಿ. ಬರಿಗಾಲಿನಲ್ಲಿ ದಕ್ಕೆಗೆ ಹೋಗಲೇಬೇಡಿ. ಆ ಉಪ್ಪುನೀರು, ಮೀನಿನ ನೀರು ಗಾಯಕ್ಕೆ ತಾಗಬಾರದು. ಮಾತ್ರೆ ಬಿಡಬೇಡಿ. ‘ಸ್ವಲ್ಪ ಕಡಿಮೆಯಾಯಿತು, ಬಿಟ್ಟೆ’ ಎಂದು ನೀವು ಮೊದಲೂ ಒಮ್ಮೆ ಮಾಡಿದ್ದೀರಿ.

ಬೋಟ್ ನಡೆಸುವ ತಾಂಡೇಲನಾಗಿದ್ದಾಗ ನೀರು ಒಸರುವ ಬೋಟನ್ನು ಒಂದು ದಿನವೂ ಅಳಿವೆ ದಾಟಿಸಿದವರಲ್ಲ ನೀವು. ಉಳಿದವರು ಬೈದರೂ ಕೇಳಲಿಲ್ಲ. ಈಗ ಮಾತ್ರ ಯಾಕೆ ಹೀಗೆ?

ದುಡ್ಡಿನ ಯೋಚನೆ ಒಂದು ಚೂರೂ ಬೇಡ. ಅಣ್ಣನ ಖಾತೆಗೆ ಹಾಕಿದ್ದೇನೆ, ಇನ್ನೂ ಬೇಕಾದರೆ ಹಾಕುತ್ತೇನೆ. ಬೇಕೆಂದರೆ ಬೋಟ್ ಮಾರುತ್ತೇನೆ, ಗಿರಾಕಿ ಸಿಗುವುದು ಇಲ್ಲಿ ಕಷ್ಟವಲ್ಲ. ಮಾರುವ ಪರಿಸ್ಥಿತಿ ಬರುವುದಿಲ್ಲ, ಸುಮ್ನೆ ಹೇಳಿದೆ. ನೀವು ಹೆದರಬೇಡಿ. ಬೇಗ ತೋರಿಸಿದರೆ ಹೆಚ್ಚಿನ ಗಾಯಗಳು ಡ್ರೆಸಿಂಗ್, ಮಾತ್ರೆಯಲ್ಲೇ ವಾಸಿಯಾಗುತ್ತವೆ. ನಾವೆಲ್ಲ ಚೆನ್ನಾಗಿದ್ದೇವೆ, ಕೆಲಸ ಗಟ್ಟಿಯಾಗಿದೆ, ಮನೆ ಬೆಚ್ಚಗಿದೆ, ಜಾಕೆಟ್ ಎರಡೆರಡು ಇದೆ. ಯಾವ ಚಿಂತೆಯೂ ಇಲ್ಲ. ನಿಮ್ಮದೊಂದೇ.

ಮಾರಣಕಟ್ಟೆ ದೇವರಿಗೆ ಹರಕೆ ಹೇಳಿಕೊಂಡಿದ್ದೇನೆ ಎಂದು ಅಮ್ಮನಿಗೆ ತಿಳಿಸಿ. ಹರಕೆ ಹೇಳಿದ್ದಾನೆ, ಇನ್ನು ಆಸ್ಪತ್ರೆ ಯಾಕೆ ಎಂದು ಮಾತ್ರ ಶುರು ಮಾಡಬೇಡಿ. ಎರಡೂ ಆಗಬೇಕು. ಅಮ್ಮನಿಗೆ ಬೈಯಬೇಡಿ, ಬರೆದದ್ದು ಒಳ್ಳೆಯದೇ ಆಯಿತು.

ಮುಂದಿನ ಭಾನುವಾರದಿಂದ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ನಿಮ್ಮ ಬೆಳಿಗ್ಗೆ ಏಳು ಅಂದರೆ ಇಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆ. ಆಗ ಫೋನ್ ಮಾಡುತ್ತೇನೆ. ‘ದಕ್ಕೆಗೆ ಹೋಗಿದ್ದಾರೆ’ ಎಂದು ಅಮ್ಮನ ಕೈಯಲ್ಲಿ ಹೇಳಿಸಬೇಡಿ. ಕ್ಯಾಮೆರಾದಲ್ಲಿ ಕಾಲು ತೋರಿಸಬೇಕು. ಪುಟ್ಟ ಎದ್ದ, ಅಳುತ್ತಿದ್ದಾನೆ. ನಿಲ್ಲಿಸುತ್ತೇನೆ. ಅತ್ತೆಗೆ, ಅಕ್ಕ ಬಾವನಿಗೆ ನಮಸ್ಕಾರ.

ಇತಿ ನಿಮ್ಮ ಮಗ
ಸುರೇಶ

ಮಣಿಪಾಲದಿಂದ ಬಂದ ದಿನವೇ ರಿಪೋರ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಲು ಅಣ್ಣನಿಗೆ ಹೇಳಿ. ಮರುದಿನ ಅಲ್ಲ.