ಗೆಳೆಯನಿಗೊಂದು ಪತ್ರ: ಹತ್ತು ಜನ ಬೇಕಾಗುವ ಸಂಗೀತ

ಪ್ರೀತಿಯ ಸುಬ್ಬು,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಮೆಕ್ಸಿಕೊ ಸಿಟಿಯಲ್ಲಿ ಕೂತು ಜಮೈಕಾದ ಸ್ಕಾ ಕೇಳ್ತೀಯಲ್ಲ ಮಾರಾಯ, ಆ ಊರಿಗೆ ಅದರದ್ದೇ ಸಂಗೀತ ಇಲ್ವಾ?" ಅಂದೆ. ನಾನು ನಕ್ಕು ಬೇರೆ ಮಾತು ತೆಗೆದೆ. ಆದರೆ ಆ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಮೆಸೇಜಿನಲ್ಲಿ ಬರೆದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಮುಗಿಸುತ್ತೀಯ ಅಂತ ಗೊತ್ತು, ಅದಕ್ಕೇ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಇನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ.

ಇಲ್ಲಿ ಸ್ಕಾ ಹೊರಗಿನದು ಅಂತ ಯಾರಿಗೂ ಅನಿಸುವುದಿಲ್ಲ ಸುಬ್ಬು. ಶನಿವಾರ 5 ಪೆಸೊ ಕೊಟ್ಟು ಮೆಟ್ರೊ ಹತ್ತಿ ಬುಯೆನವಿಸ್ತಾದಲ್ಲಿ ಇಳಿದರೆ ಹತ್ತಿರದಲ್ಲೇ ಎಲ್ ಚೋಪೊ ಸಂತೆ. 1980ರಲ್ಲಿ ಒಂದು ಮ್ಯೂಸಿಯಂನಲ್ಲಿ ರೆಕಾರ್ಡುಗಳನ್ನು ಮಾರಲು, ಬದಲಾಯಿಸಿಕೊಳ್ಳಲು ಅಂತ ಶುರುವಾದದ್ದು, ಆಮೇಲೆ ಬೀದಿಗೆ ಬಂತು. ಪಂಕ್‌ನವರು, ಮೆಟಲ್‌ನವರು, ಮೈತುಂಬ ಕಪ್ಪು ಬಟ್ಟೆಯವರು, ಅವರ ನಡುವೆ ಕಪ್ಪು ಬಿಳುಪು ಚೌಕಳಿ ಅಂಗಿಯ ಸ್ಕಾ ಜನ. ಅವರನ್ನು ಇಲ್ಲಿ ಸ್ಕಾತೊ ಅನ್ನುತ್ತಾರೆ. ನಲವತ್ತು ದಾಟಿದ ಅಪ್ಪ ಮಗಳ ಕೈಗೆ ಹಳೇ ಎಲ್‌ಪಿ ಕೊಟ್ಟು ಹಿಂದುಮುಂದು ತಿರುಗಿಸಿ ತೋರಿಸುತ್ತಿರುತ್ತಾನೆ. ಆ ಮಗುವಿಗೆ ಇದು ಅಪ್ಪನ ಹಾಡು, ಅಷ್ಟೇ. ಜಮೈಕಾ ಆಮೇಲೆ.

ಇದು ಹೇಗಾಯಿತು ಅಂತ ನಾನು ತುಂಬ ಕೆದಕಿದ್ದೇನೆ. ಸ್ವಲ್ಪ ತಾಳ್ಮೆ ಇರಲಿ.

ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ 1950ರ ದಶಕದಲ್ಲಿ ಜನ ಅಮೆರಿಕದ ರಿದಮ್ ಆ್ಯಂಡ್ ಬ್ಲೂಸ್‌ಗೆ ಕುಣಿಯುತ್ತಿದ್ದರು. ರೇಡಿಯೊ ಕೊಳ್ಳಲಾಗದವರಿಗೆ ಬೀದಿಯ ಸೌಂಡ್ ಸಿಸ್ಟಮ್ ಇತ್ತು, ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆಗಳು, ಬಯಲಲ್ಲಿ ಕುಣಿತ. ಅಮೆರಿಕದಲ್ಲಿ ಸಂಗೀತದ ರುಚಿ ಬದಲಾಗಿ ಅಂಥ ರೆಕಾರ್ಡುಗಳು ಸಿಗುವುದು ಕಡಿಮೆಯಾದಾಗ ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಅವರಂಥ ಸೌಂಡ್ ಸಿಸ್ಟಮ್ ಮಾಲೀಕರು ತಾವೇ ರೆಕಾರ್ಡ್ ಮಾಡಿಸತೊಡಗಿದರು. ಹಾಗೆ ಹುಟ್ಟಿದ್ದು ಸ್ಕಾ. ನಾವು ತಾಳ ಹಾಕುವಾಗ ಕೈ ತೊಡೆಗೆ ಬಡಿಯುತ್ತೆ, ಮತ್ತೆ ಮೇಲೇಳುತ್ತೆ. ಆ ಕೈ ಮೇಲೆದ್ದ ಹೊತ್ತಿಗೆ ಗಿಟಾರ್ ಟಕ್ ಅನ್ನುತ್ತದೆ. ಅದೇ ಅದರ ಗುಟ್ಟು. 1962ರ ಆಗಸ್ಟ್ 6ರಂದು ಜಮೈಕಾಗೆ ಸ್ವಾತಂತ್ರ್ಯ ಬಂದಾಗ ಆ ದೇಶ ಕುಣಿದದ್ದು ಈ ಲಯಕ್ಕೆ.

ಊದುವವರು ಎಲ್ಲಿಂದ ಬಂದರು ಗೊತ್ತಾ? ಆಲ್ಫಾ ಬಾಯ್ಸ್ ಸ್ಕೂಲ್. ಅನಾಥ ಹುಡುಗರಿಗೆ, ದಾರಿ ತಪ್ಪಿದ್ದಾರೆ ಅಂತ ಊರವರು ಅಂದ ಹುಡುಗರಿಗೆ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆ. ಅಲ್ಲಿ ಬ್ಯಾಂಡ್ ಇತ್ತು. ಸಿಸ್ಟರ್ ಮೇರಿ ಇಗ್ನೇಷಿಯಸ್ ಎಂಬ ಸನ್ಯಾಸಿನಿ ತಾನೇ ರಾಶಿ ರೆಕಾರ್ಡ್ ಇಟ್ಟುಕೊಂಡು ಹುಡುಗರಿಗೆ ಕೇಳಿಸುತ್ತಿದ್ದರು. ಡಾನ್ ಡ್ರಮಂಡ್, ಟಾಮಿ ಮೆಕುಕ್, ಜಾನಿ ಮೂರ್, ಲೆಸ್ಟರ್ ಸ್ಟರ್ಲಿಂಗ್ ಎಲ್ಲ ಆಲ್ಫಾದವರು. 1964ರಲ್ಲಿ ಸ್ಕಾಟಲೈಟ್ಸ್ ಅಂತ ತಂಡ ಕಟ್ಟಿದರು. ಆ ತಂಡ ಉಳಿದದ್ದು ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 1966ರ ಹೊತ್ತಿಗೆ ಕಿಂಗ್‌ಸ್ಟನ್ ರಾಕ್‌ಸ್ಟೆಡಿ ಅನ್ನೋ ನಿಧಾನದ ಲಯದ ಕಡೆ ಹೊರಳಿತ್ತು, ಇನ್ನೆರಡು ವರ್ಷಕ್ಕೆ ರೆಗ್ಗೆ. ಹುಟ್ಟಿದ ಊರಲ್ಲಿ ಸ್ಕಾದ ಕಾಲ ಎಷ್ಟು ಚಿಕ್ಕದು ನೋಡು.

ಹೊರಗೆ ಅದು ಇನ್ನೂ ಬೆಳೆಯುತ್ತಲೇ ಇದೆ. ಆಲ್ಫಾದಲ್ಲಿ ಕಲಿತ ಟ್ರಾಂಬೋನ್ ವಾದಕ ರಿಕೊ ರೋಡ್ರಿಗಸ್ 1961ರಲ್ಲಿ ಇಂಗ್ಲೆಂಡಿಗೆ ಹೋದ. 1979ರಲ್ಲಿ ಕಾವೆಂಟ್ರಿಯಲ್ಲಿ ಕಪ್ಪು ಬಿಳಿ ಹುಡುಗರು ಸೇರಿ ಕಟ್ಟಿದ್ದ ಸ್ಪೆಷಲ್ಸ್ ತಂಡದವರು ಟೂ ಟೋನ್ ಅಂತ ರೆಕಾರ್ಡ್ ಲೇಬಲ್ ಶುರುಮಾಡಿದಾಗ ಅವರ ಜೊತೆ ನುಡಿಸಿದ್ದು ಇದೇ ರಿಕೊ. ಚೋಪೊದ ಚೌಕಳಿ ಅಂಗಿ ಬಂದದ್ದೂ ಅಲ್ಲಿಂದಲೇ. ಟೋಕಿಯೊದಲ್ಲಿ 1985ರಲ್ಲಿ ಟೋಕಿಯೊ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ ಹುಟ್ಟಿತು. ನಮ್ಮ ದೆಹಲಿಯಲ್ಲಿ 2009ರಲ್ಲಿ ಸ್ಕಾ ವೆಂಜರ್ಸ್.

ಮೆಕ್ಸಿಕೊಗೆ ಇದು ಅದಕ್ಕೂ ಮೊದಲೇ ಬಂದಿತ್ತು. 1960ರ ದಶಕದಲ್ಲಿ ಟೋನ್ಯೊ ಕಿರಾಸ್ಕೊ ಎಂಬಾತ ಹವಾಯಿ ಗಿಟಾರಿನಲ್ಲಿ ಸ್ಕಾ ನುಡಿಸಿ ರೆಕಾರ್ಡ್ ಮಾಡಿದ್ದ. ಕೇಳಿದರೆ ನಿನಗೆ ಖುಷಿಯಾಗುತ್ತೆ, ಸಮುದ್ರದ ಗಾಳಿಯ ಹಾಗಿದೆ. ಆದರೆ ಆಗ ಅದು ಬೇರು ಬಿಡಲಿಲ್ಲ, ಹೊಸ ಕುಣಿತ ಅಂತ ಬಂತು, ಹೋಯಿತು. ನನ್ನ ಪ್ರಕಾರ ಬೇರು ಬಿಡೋಕೆ ಒಳ್ಳೇ ಹಾಡು ಸಾಕಾಗಲ್ಲ, ಕಷ್ಟ ಬೇಕು.

ಇಲ್ಲಿ ಆ ಕಷ್ಟ ಬಂತು. 1971ರ ಸೆಪ್ಟೆಂಬರಿನಲ್ಲಿ ಅವಾಂದರೊ ಅನ್ನೋ ಕಡೆ ದೊಡ್ಡ ರಾಕ್ ಉತ್ಸವ ಆಯಿತು. ಸೇರಿದ ಜನಸಾಗರ ನೋಡಿ ಸರ್ಕಾರ ಹೆದರಿತು. ರಾಕ್ ರೇಡಿಯೊದಿಂದ ಹೋಯಿತು, ದೊಡ್ಡ ಸಭಾಂಗಣಗಳಿಂದ ಹೋಯಿತು. ನುಡಿಸುವವರು ಊರಂಚಿನ ಗೋದಾಮು, ಶೆಡ್ಡುಗಳಿಗೆ ಹೋದರು. ಅವುಗಳನ್ನು ಓಯೊಸ್ ಫಂಕಿ ಅನ್ನುತ್ತಿದ್ದರು, ಬಿಲಗಳು ಅಂದ ಹಾಗೆ. ವರ್ಷಗಟ್ಟಲೆ ಬಡ ಹುಡುಗರ ಸಂಗೀತ ಅಲ್ಲೇ ಉಸಿರಾಡಿತು. ಆಮೇಲೆ 1985ರ ಸೆಪ್ಟೆಂಬರ್ 19ರ ಭೂಕಂಪ. ಸರ್ಕಾರದ ದಾರಿ ಕಾಯದೆ ಅಕ್ಕಪಕ್ಕದವರೇ ಬರಿಗೈಯಲ್ಲಿ ಕಲ್ಲುಮಣ್ಣು ಸರಿಸಿ ಜನರನ್ನು ಹೊರಗೆ ತೆಗೆದರು. ಈ ಊರಿನ ಹಿರಿಯರು ಆ ದಿನಗಳ ಮಾತು ತೆಗೆದರೆ ಇವತ್ತಿಗೂ ಅವರ ದನಿ ಬದಲಾಗುತ್ತೆ. ಮಾಲ್ದಿತಾ ವೆಸಿಂದಾದ್ ಅನ್ನೋ ತಂಡ ಕಟ್ಟಿದ್ದು ಅದೇ ವರ್ಷ. ಸ್ಕಾದ ಟಕ್ ಟಕ್ ತಗೊಂಡು ಅದಕ್ಕೆ ಈ ಊರಿನ ಬೀದಿ ಭಾಷೆ ಹಾಕಿದರು, ಪಚೂಕೊಗಳ ಉದ್ದ ಕೋಟು, ಗರಿ ಸಿಕ್ಕಿಸಿದ ಹ್ಯಾಟು ಹಾಕಿದರು. ಪಚೂಕೊ ಅಂದರೆ 1940ರ ದಶಕದ ಶೋಕಿ ಹುಡುಗರು, ಸಿನಿಮಾದಲ್ಲಿ ಅವರನ್ನು ಅಮರ ಮಾಡಿದ್ದು ತಿನ್ ತಾನ್ ಅನ್ನೋ ನಟ. ಜೊತೆಗೆ ಈ ಊರು ಮೊದಲಿನಿಂದಲೂ ಕ್ಯೂಬಾದ ದಾನ್ಸೋನ್‌ಗೆ, ಮಾಂಬೊಗೆ ಕುಣಿದು ಪಳಗಿದ ಊರು. ಪಕ್ಕದ ದ್ವೀಪದಿಂದ ಇನ್ನೊಂದು ಪಿತ್ತಳೆ ಸದ್ದು ಬಂದರೆ ಇವರಿಗೇನು ಹೊಸತು?

1994ರ ಜನವರಿ 1ರಂದು ದಕ್ಷಿಣದ ಚಿಯಾಪಸ್‌ನಲ್ಲಿ ಜಪಾತಿಸ್ತಾ ಅನ್ನೋ ಆದಿವಾಸಿ ಬಂಡುಕೋರರು ಎದ್ದರು. ಮರುವರ್ಷ ಪಾಂತೆಯೊನ್ ರೊಕೊಕೊ ತಂಡ ಹುಟ್ಟಿತು. ಆ ಆದಿವಾಸಿ ಹಳ್ಳಿಗಳ ಪರವಾಗಿ ಅವರೂ ಬೇರೆ ಸ್ಕಾ ತಂಡಗಳೂ ನುಡಿಸಿದರು. ಹಾಗಾಗಿ ಇಲ್ಲಿಯ ಎಷ್ಟೋ ಹುಡುಗರಿಗೆ ಸ್ಕಾ ಮತ್ತು ನ್ಯಾಯ ಒಟ್ಟಿಗೇ ಕಿವಿಗೆ ಬಿದ್ದವು. 2023ರ ಜೂನ್ 3ರಂದು ಈ ಊರಿನ ನಡುವಿನ ಸೋಕಲೊ ಮೈದಾನದಲ್ಲಿ ಅರ್ಜೆಂಟೀನಾದ ಲೊಸ್ ಫಾಬುಲೋಸೊಸ್ ಕ್ಯಾಡಿಲಾಕ್ಸ್ ತಂಡ ನುಡಿಸಿದಾಗ 3 ಲಕ್ಷ ಜನ ಸೇರಿದ್ದರು ಅಂತ ನಗರ ಸರ್ಕಾರವೇ ಹೇಳಿತು. ಅವರೂ ಸ್ಕಾ ನುಡಿಸುತ್ತಲೇ ಮೇಲೆ ಬಂದವರು. ಬಿಲದಿಂದ ಸರ್ಕಾರಿ ಮೈದಾನಕ್ಕೆ!

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ: ಇದು ಈ ಊರಿನ ಸಂಗೀತವೇ. ನಮ್ಮ ಕದ್ರಿ ಗೋಪಾಲನಾಥರನ್ನು ನೆನಪು ಮಾಡಿಕೋ. ನಾದಸ್ವರದ ಮನೆಯವರು, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಅವರು ಕಲ್ಯಾಣಿ ನುಡಿಸುವಾಗ, ಸ್ಯಾಕ್ಸೊಫೋನ್ ಕಂಡುಹಿಡಿದವನ ದೇಶ ಬೆಲ್ಜಿಯಂ ಯಾರಿಗೆ ನೆನಪಾಗುತ್ತಿತ್ತು?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇದನ್ನೆಲ್ಲ ಬರೆಯುತ್ತಾ ಒಂದು ವಿಷಯ ಎದ್ದು ನಿಂತಿದೆ, ಅದನ್ನು ದಾಟಿ ಹೋಗೋಕೆ ಆಗುತ್ತಿಲ್ಲ.

ಸ್ಕಾ ಒಬ್ಬರ ಕೈಯಲ್ಲಿ ಆಗುವ ಸಂಗೀತ ಅಲ್ಲ. ಡ್ರಮ್, ಬೇಸ್, ಗಿಟಾರ್, ಕೀಬೋರ್ಡ್, ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸ್, ಹಾಡುವವರು. ಎಂಟು ಹತ್ತು ಜನ. ಹತ್ತು ಜನ ಅಂದರೆ ಹತ್ತು ಊಟ, ದೊಡ್ಡ ವ್ಯಾನು, ಬಂದ ದುಡ್ಡಿನಲ್ಲಿ ಹತ್ತು ಪಾಲು. ಕಾರ್ಯಕ್ರಮ ಮಾಡಿಸುವವರಿಗೆ ಲ್ಯಾಪ್‌ಟಾಪ್ ಹಿಡಿದು ಒಬ್ಬನೇ ಬರುವವನು ಎಷ್ಟೋ ಸಲೀಸು. ಆದರೂ ಇವರು ಹತ್ತೂ ಜನ ಬರುತ್ತಾರೆ. ಹಗಲು ಟ್ಯಾಕ್ಸಿ ಓಡಿಸಿ, ಮಕ್ಕಳಿಗೆ ಪಾಠ ಹೇಳಿ, ಮದುವೆ ಮನೆಗಳಲ್ಲಿ ಮರಿಯಾಚಿ ಊದಿ, ರಾತ್ರಿ ಇಲ್ಲಿಗೆ ಬರುತ್ತಾರೆ. 2,240 ಮೀಟರ್ ಎತ್ತರದ ಊರು ಇದು, ಸುಮ್ನೆ ಮೆಟ್ಟಿಲು ಹತ್ತಿದರೂ ನನಗೆ ಏದುಸಿರು. ಅಲ್ಲಿ ನಿಂತು ಎರಡು ಗಂಟೆ ಊದುತ್ತಾರೆ.

ಊರಂಚಿನ ಕಾರ್ಯಕ್ರಮಗಳಿಗೆ ನಾನು ಒಬ್ಬನೇ ಹೋಗುತ್ತೇನೆ. ಇಲ್ಲಿ ಸ್ಲಾಮ್ ಅಂತ ಕುಣಿಯುತ್ತಾರೆ, ಜನ ಸರಿದು ಮಧ್ಯೆ ದೊಡ್ಡ ಸುತ್ತು ಬಿಡುತ್ತಾರೆ, ಊದುವವರು ಶುರುಮಾಡಿದ ಕೂಡಲೇ ಎಲ್ಲರೂ ಅದರೊಳಗೆ ಓಡಿ ಭುಜಕ್ಕೆ ಭುಜ ಡಿಕ್ಕಿ. ನೋಡೋಕೆ ಜಗಳ. ಆದರೆ ಒಬ್ಬ ಬಿದ್ದರೆ ಸುತ್ತಲಿನವರು ತಕ್ಷಣ ಕೈ ಹಾಕಿ ಎತ್ತುತ್ತಾರೆ. ಇತ್ತೀಚೆಗೆ ನಾನು ಬಿದ್ದೆ. ಒಂದು ಕಡೆ ಒಬ್ಬ ಹುಡುಗ, ಇನ್ನೊಂದು ಕಡೆ ಒಬ್ಬ ಹೆಂಗಸು, ಎರಡೂ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದರು. ಆಕೆ ನನ್ನ ಅಂಗಿಯ ಕಾಲರ್ ಸರಿ ಮಾಡಿ, ಸರಿ ಇದ್ದೀಯಾ ಅಂತ ಕೇಳಿ, ಮತ್ತೆ ಓಡಿದಳು. ನನಗೆ ಅಲ್ಲೇ ಅಳು ಬಂತು ಸುಬ್ಬು. ಪೆಟ್ಟಾಗಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಕೈ ಕುಲುಕುತ್ತಾರೆ, ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ, ಈ ಊರಿನ ಜನ ಅಷ್ಟು ಆದರದವರು. ಆದರೆ ಬಿದ್ದವನನ್ನು ಹಿಡಿದೆತ್ತುವುದು ಬೇರೆ.

ಹೇಳಿಬಿಡುತ್ತೇನೆ. ನಾನು ಬರದಿದ್ದರೆ ಕೆಲಸ ನಿಲ್ಲುವ ಜಾಗ ಈಗ ನನಗೆ ಯಾವುದೂ ಇಲ್ಲ. ನಾನು ರಜೆ ಹಾಕಿದರೆ ಇನ್ನೊಬ್ಬರು ಲಾಗಿನ್ ಆಗುತ್ತಾರೆ, ಅಷ್ಟೇ. ಕಾಲೇಜಿನಲ್ಲಿ ನಾವು ಆರು ಜನ ನುಡಿಸುತ್ತಿದ್ದಾಗ ನನ್ನ ಗಿಟಾರ್ ಏನು ದೊಡ್ಡದಲ್ಲ, ಟಕ್ ಟಕ್ ಅಂತ ಬಡಿಯುವುದು. ಆದರೂ ನಾನು ತಡವಾದರೆ ನೀನು ಗೇಟಿನ ತನಕ ಬಂದು ನಿಂತಿರುತ್ತಿದ್ದೆ. ನಾನು ಸ್ಕಾ ಸ್ಕಾ ಅಂತ ಇಷ್ಟು ವರ್ಷ ಹುಡುಕುತ್ತಿರುವುದು ಆ ಗೇಟನ್ನೇ ಅಂತ ಈಗ ಅನಿಸುತ್ತಿದೆ. ನೀನು ಟ್ರಂಪೆಟ್ ಬಿಟ್ಟೆ ಅಂದಾಗ ನಾನು ಎರಡು ತಿಂಗಳು ಮಾತಾಡಲಿಲ್ಲವಲ್ಲ, ನೀನು ಯಾಕೆ ಅಂತ ಕೇಳಿದಾಗ ಕೆಲಸ ಜಾಸ್ತಿ ಅಂದೆನಲ್ಲ. ಕೆಲಸ ಇರಲಿಲ್ಲ. ನೀನು ಬಿಟ್ಟರೆ ಅದು ಪೂರ್ತಿ ಮುಗಿಯಿತು ಅಂತ ಹೆದರಿಕೆ ಆಗಿತ್ತು. ಮನೆ, ಅಂಗಡಿ, ಮಗಳ ಶಾಲೆ, ನಿನ್ನ ಕಷ್ಟ ನನಗೆ ಅರ್ಥವಾಗುತ್ತೆ. ಹೆದರಿಕೆ ಮಾತ್ರ ಹಾಗೇ ಇದೆ.

ಸಾಕು. ಇದನ್ನು ನಿನ್ನ ಅಮ್ಮನೂ ಓದುತ್ತಾರೆ ಅಂತ ಈಗ ನೆನಪಾಯಿತು. ಅಮ್ಮಾ, ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ಬಿದ್ದದ್ದು ಮೆತ್ತಗಿನ ಜಾಗದಲ್ಲಿ. ಉಳಿದವರು ದಯವಿಟ್ಟು ಸುಬ್ಬುಗೆ ಫೋನ್ ಮಾಡಿ ಬೈಯಬೇಡಿ, ಅದು ನನ್ನ ಹಕ್ಕು.

ಕೇಳು, ಮೊದಲು ಸ್ಕಾಟಲೈಟ್ಸ್ ಹಾಕು. ಡಾನ್ ಡ್ರಮಂಡ್‌ನ ಟ್ರಾಂಬೋನ್ ಬಂದಾಗ ಬೇರೆ ಕೆಲಸ ಮಾಡಬೇಡ. ಆಮೇಲೆ ಮಾಲ್ದಿತಾ, ಆಮೇಲೆ ಪಾಂತೆಯೊನ್. ಟೋಕಿಯೊದವರನ್ನು ಕೊನೆಗೆ ಇಟ್ಟುಕೋ, ಅವರು ಇಲ್ಲಿಯ ವಿವೆ ಲತಿನೊ ಉತ್ಸವಕ್ಕೂ ಬಂದು ನುಡಿಸಿದ್ದಾರೆ, ಅವರನ್ನು ಕೇಳಿದ ಮೇಲೆ ನೀನು ಸುಮ್ನೆ ಕೂರೋಕೆ ಆಗಲ್ಲ.

ಜನವರಿಯಲ್ಲಿ ಊರಿಗೆ ಬರುತ್ತೇನೆ, ಮೂರು ವಾರ ರಜೆ. ಟ್ರಂಪೆಟ್ ಅಟ್ಟದಿಂದ ಇಳಿಸಿ ವಾಲ್ವ್‌ಗಳಿಗೆ ಎಣ್ಣೆ ಹಾಕಿಡು. ತುಟಿಗೆ ಅಭ್ಯಾಸ ತಪ್ಪಿರುತ್ತೆ, ದಿನಾ ಹತ್ತು ನಿಮಿಷ ಬರೀ ಉದ್ದ ಸ್ವರ ಊದು, ಪಕ್ಕದ ಮನೆಯವರಿಗೆ ನಾನೇ ಮಾತಾಡುತ್ತೇನೆ. ಉಳಿದ ಮೂವರಿಗೂ ನಾನೇ ಫೋನ್ ಮಾಡುತ್ತೇನೆ. ಡ್ರಮ್‌ಗೆ ಯಾರು ಅನ್ನೋದನ್ನು ಮಾತ್ರ ನೀನೇ ನೋಡಬೇಕು.

ನಿನ್ನ,
ವಿನಯ